ಕರ್ತನ ಭೋಜನಕ್ಕೆ ಮೊದಲು ಶಾಂತಿ ಕೊಡುವುದು: ಯಾವಾಗ, ಹೇಗೆ, ಎಷ್ಟು ಹೊತ್ತು?

ಪ್ರಶ್ನೆ: ನಮ್ಮದು ಭಾಲ್ಕಿ ತಾಲ್ಲೂಕಿನ ಒಂದು ಮೆಥಡಿಸ್ಟ್ ಸಭೆ. ಹೊಸ ಪಾಸ್ಟರ್ ಬಂದ ಮೇಲೆ, ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ) ಇರುವ ಐತವಾರ ಎಲ್ಲರೂ ಎದ್ದು ಒಬ್ಬರಿಗೊಬ್ಬರು ಕೈಕೊಟ್ಟು ಶಾಂತಿ ಹೇಳುವುದು ಶುರುವಾಗಿದೆ. ಹತ್ತು ನಿಮಿಷ ಹಿಡಿಯುತ್ತದೆ, ಗದ್ದಲವೂ ಆಗುತ್ತದೆ. ಹಿರಿಯರು "ಇದು ಕ್ಯಾಥೊಲಿಕರದು, ನಮಗ್ಯಾಕ?" ಅನ್ನುತ್ತಾರೆ. ಹೆಂಗಸರು ಗಂಡಸರಿಗೆ ಕೈಕೊಡಲು ಒಪ್ಪುವುದಿಲ್ಲ. ಕಲಬುರಗಿಯ ಕ್ಯಾಥೊಲಿಕ್ ಮನೆಗೆ ಕೊಟ್ಟ ನಮ್ಮ ಮಗಳು, ಅಲ್ಲಿ ಇದು ಪ್ರಸಾದ ತೆಗೆದುಕೊಳ್ಳುವ ಸ್ವಲ್ಪ ಮೊದಲು ಬರೇ ಕೈಮುಗಿದು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ ಎನ್ನುತ್ತಾಳೆ. ಜನವರಿಯಲ್ಲಿ ಎಲ್ಲ ಸಭೆಯವರೂ ಸೇರಿ ಐಕ್ಯ ಪ್ರಾರ್ಥನೆ ಇಟ್ಟುಕೊಳ್ಳುವ ಆಲೋಚನೆಯೂ ಇದೆ. ಯಾವ ರೀತಿ ಸರಿ?

ಉತ್ತರ: ಹಿರಿಯರ ಆಕ್ಷೇಪಣೆಯಿಂದಲೇ ಶುರು ಮಾಡೋಣ. ಅದು ಬಗೆಹರಿಯದೆ ಉಳಿದ ವ್ಯವಸ್ಥೆ ಮಾಡಿ ಪ್ರಯೋಜನವಿಲ್ಲ.

ಇದು ಕ್ಯಾಥೊಲಿಕರದಷ್ಟೇ ಅಲ್ಲ. ಪವಿತ್ರವಾದ ಮುದ್ದಿನಿಂದ ಒಬ್ಬರನ್ನೊಬ್ಬರು ವಂದಿಸಿರಿ ಎಂದು ಪೌಲನು ರೋಮಾಪುರದವರಿಗೆ (16:16), ಕೊರಿಂಥದವರಿಗೆ ಎರಡೂ ಪತ್ರಗಳಲ್ಲಿ, ಥೆಸಲೋನಿಕದವರಿಗೆ ಬರೆದಿದ್ದಾನೆ. ಪೇತ್ರನ ಮೊದಲ ಪತ್ರ ಮುಗಿಯುವುದೂ ಇದೇ ಮಾತಿನ ಆಸುಪಾಸಿನಲ್ಲಿ. ಸುಮಾರು ಕ್ರಿ.ಶ. 155ರಲ್ಲಿ ರೋಮಿನ ಸಭೆಯ ಆರಾಧನೆಯನ್ನು ವಿವರಿಸಿದ ಕ್ರೈಸ್ತ ಬರಹಗಾರ ಜಸ್ಟಿನ್, ಪ್ರಾರ್ಥನೆಗಳು ಮುಗಿದ ಮೇಲೆ ಮುದ್ದಿನಿಂದ ವಂದಿಸಿಕೊಳ್ಳುತ್ತಾರೆ, ಆಮೇಲೆ ರೊಟ್ಟಿ ಮತ್ತು ಪಾತ್ರೆಯನ್ನು ತರುತ್ತಾರೆ ಎಂದು ಕ್ರಮವನ್ನೇ ಕೊಟ್ಟಿದ್ದಾನೆ. ಅವನ ತರುವಾಯದ ಕ್ರೈಸ್ತ ಬರಹಗಾರ ಟೆರ್ಟುಲಿಯನ್ ಇದನ್ನು ಪ್ರಾರ್ಥನೆಗೆ ಒತ್ತುವ ಮುದ್ರೆ ಎಂದು ಕರೆದ. ಅಂದರೆ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಎಂದು ಸಭೆ ಒಡೆಯುವುದಕ್ಕೆ ಸಾವಿರ ವರ್ಷಕ್ಕೂ ಹೆಚ್ಚು ಮೊದಲೇ ಇದು ಸಭೆಯಲ್ಲಿತ್ತು.

ಹಾಗಾದರೆ ಮೆಥಡಿಸ್ಟರ ಹಳೆಯ ಕ್ರಮದಲ್ಲಿ ಯಾಕಿಲ್ಲ? ಇಂಗ್ಲೆಂಡಿನ ಸಭೆ 1552ರ ಪ್ರಾರ್ಥನಾ ಪುಸ್ತಕದಲ್ಲಿ ಶಾಂತಿಯ ವಂದನೆಯನ್ನು ಬಿಟ್ಟುಬಿಟ್ಟಿತು. ಮೆಥಡಿಸ್ಟ್ ಪಂಥಕ್ಕೆ ಮೂಲನಾದ ಜಾನ್ ವೆಸ್ಲಿ 1784ರಲ್ಲಿ ಅಮೆರಿಕದ ಮೆಥಡಿಸ್ಟರಿಗೆ ಸಿದ್ಧಮಾಡಿ ಕಳಿಸಿದ ಆರಾಧನಾ ಕ್ರಮ ಆ ಪುಸ್ತಕದ ಪರಂಪರೆಯದೇ. ಬೀದರ್ ಕಡೆಗೆ ಬಂದ ಮಿಷನ್ ಅಮೆರಿಕದ ಮೆಥಡಿಸ್ಟರದು. ಹೀಗೆ ಇಂಗ್ಲೆಂಡಿನಲ್ಲಿ ಬಿಟ್ಟುಹೋದದ್ದು ನಿಮ್ಮಲ್ಲಿಗೆ ಬರಲೇ ಇಲ್ಲ. ಆದರೆ ಅದರ ಅರ್ಥ ಪೂರ್ತಿ ಹೋಗಿಲ್ಲ. ಭೋಜನಕ್ಕೆ ಕರೆಯುವ ಮಾತನ್ನು ಹಿರಿಯರು ನೆನಪಿಸಿಕೊಳ್ಳಲಿ: ತಮ್ಮ ಪಾಪಗಳಿಗಾಗಿ ನಿಜವಾಗಿ ಪಶ್ಚಾತ್ತಾಪಪಟ್ಟು, ನೆರೆಯವರೊಂದಿಗೆ ಪ್ರೀತಿಯಿಂದಿರುವವರು ಹತ್ತಿರ ಬನ್ನಿರಿ ಎಂಬ ಕರೆ ಅದು. 'ನೆರೆಯವರೊಂದಿಗೆ ಪ್ರೀತಿಯಿಂದ' ಎಂಬುದನ್ನು ಬಾಯಲ್ಲಿ ಹೇಳುವ ಬದಲು ಕೈಯಲ್ಲಿ ತೋರಿಸುವುದೇ ಶಾಂತಿಯ ವಂದನೆ. ಹೊಸ ಪಾಸ್ಟರ್ ಹೊರಗಿನದನ್ನೇನೂ ತಂದಿಲ್ಲ.

ತಪ್ಪಾಗಿರುವುದು ಬೇರೆ ಕಡೆ. ನಿಮ್ಮಲ್ಲಿ ಶಾಂತಿಯ ವಂದನೆ ಪರಿಚಯದವರ ಕುಶಲ ವಿಚಾರಣೆಯಾಗಿಬಿಟ್ಟಿದೆ. ಹತ್ತು ನಿಮಿಷ ಹಿಡಿಯುವುದು ಅದಕ್ಕೇ. ಇದು ಗುರುತಿನವರನ್ನು ಹುಡುಕಿಕೊಂಡು ಹೋಗಿ ಮಾತಾಡಿಸುವ ಹೊತ್ತಲ್ಲ. ಶಾಂತಿ ಕ್ರಿಸ್ತನದು. ಅದು ಭೋಜನದ ಮೇಜಿನ ಕಡೆಯಿಂದ ಹೊರಟು ಪಕ್ಕದಲ್ಲಿ ಯಾರಿದ್ದಾರೋ ಅವರ ಕೈಗೆ ಬರುತ್ತದೆ. ಆ ಪಕ್ಕದವರು ನಿಮಗೆ ಬೇಕಾದವರೋ ಬೇಡಾದವರೋ ಎಂಬ ಆಯ್ಕೆ ಇರಬಾರದು. ಸ್ಥಳ ಬಿಟ್ಟು ಓಡಾಡಲು ಬಿಟ್ಟ ಕೂಡಲೇ ಆಯ್ಕೆ ಶುರುವಾಗುತ್ತದೆ. ಬಂಧುಗಳಿಗೆ ಎರಡು ಸಲ ಕೈ ಸಿಗುತ್ತದೆ, ಹಿಂದಿನ ಸಾಲಿನಲ್ಲಿ ಒಂಟಿಯಾಗಿ ಕೂತ ಮುದುಕಿಗೆ ಯಾರದೂ ಸಿಗುವುದಿಲ್ಲ.

ಇನ್ನು ಯಾವಾಗ ಮಾಡಬೇಕು ಎಂಬುದು. ಸಭೆಯ ಚರಿತ್ರೆಯಲ್ಲಿ ಇದಕ್ಕೆ ಎರಡು ಜಾಗಗಳಿವೆ, ಎರಡಕ್ಕೂ ಕಾರಣವಿದೆ. ಒಂದು, ಕಾಣಿಕೆಗೆ ಮೊದಲು. ಜಸ್ಟಿನ್ ಹೇಳುವ ಕ್ರಮ ಇದೇ, ಪೂರ್ವದ ಸಭೆಗಳೂ ಇದನ್ನೇ ಉಳಿಸಿಕೊಂಡಿವೆ. ಆಧಾರ ಮತ್ತಾಯ 5:23–24: ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಒಂದಾಗು. ಎರಡನೆಯದು ರೋಮಿನ ಕ್ರಮ, ಕರ್ತನ ಪ್ರಾರ್ಥನೆ ಆದ ಮೇಲೆ. 416ರಲ್ಲಿ ಪೋಪ್ ಒಂದನೆಯ ಇನ್ನೊಸೆಂಟ್ ಇಟಲಿಯ ಗುಬ್ಬಿಯೊದ ಬಿಷಪ್ ಡಿಸೆಂಟಿಯಸನಿಗೆ ಬರೆದ ಪತ್ರದಲ್ಲಿ, ಸಂಸ್ಕಾರದ ಪ್ರಾರ್ಥನೆಯೆಲ್ಲ ಪೂರ್ತಿಯಾದ ಮೇಲೆಯೇ ಶಾಂತಿ ಕೊಡಬೇಕು, ಅದು ನಡೆದದ್ದಕ್ಕೆ ಜನರ ಒಪ್ಪಿಗೆಯ ಗುರುತು ಎಂದಿದ್ದಾನೆ. 'ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು' ಎಂದು ಬೇಡಿದ ಮರುಗಳಿಗೆ ಅದನ್ನು ಪಕ್ಕದವರಿಗೆ ಮಾಡಿ ತೋರಿಸುವುದು ಅದರ ಸೊಗಸು. ನಿಮ್ಮ ಮಗಳು ಕಾಣುತ್ತಿರುವುದು ಈ ಕ್ರಮ.

ಕ್ಯಾಥೊಲಿಕ್ ಬಲಿಪೂಜೆಯಲ್ಲಿ, ಅಂದರೆ ಅವರ ಕರ್ತನ ಭೋಜನದ ಆರಾಧನೆಯಲ್ಲಿ, ಗುರುಗಳು "ಪ್ರಭುವಿನ ಶಾಂತಿ ಸದಾ ನಿಮ್ಮೊಡನಿರಲಿ" ಎಂಬ ಅರ್ಥದ ಮಾತು ಹೇಳಿ, ಜನ ಉತ್ತರ ಕೊಟ್ಟ ಮೇಲೆ ಶಾಂತಿಯ ಗುರುತನ್ನು ಹಂಚಿಕೊಳ್ಳಲು ಕರೆಯುತ್ತಾರೆ. ಹಾಗೆ ಕರೆಯುವುದು ಸಂದರ್ಭ ನೋಡಿ ಬಿಡಬಹುದಾದದ್ದು. ಅದಕ್ಕೆ ಮೊದಲಿನ ಮಾತು ಮತ್ತು ಉತ್ತರ ಮಾತ್ರ ಬಿಡುವಂತಿಲ್ಲ. ತೀರ ಹತ್ತಿರದವರಿಗೆ ಮಾತ್ರ, ಸಂಯಮದಿಂದ ಎಂಬುದು ಅಲ್ಲಿನ ನಿಯಮ. ಗುರುಗಳು ಪೀಠದ ಆವರಣ ಬಿಟ್ಟು ಜನರ ನಡುವೆ ಇಳಿಯಬಾರದು. ನಡುವೆ 'ಶಾಂತಿಗೀತೆ' ಸೇರಿಸಬಾರದು, ಜನ ಜಾಗ ಬಿಡಬಾರದು, ಮದುವೆ ಅಥವಾ ಅಂತ್ಯಕ್ರಿಯೆಯಲ್ಲಿ ಇದನ್ನು ಅಭಿನಂದನೆ, ಸಂತಾಪ ಹೇಳುವ ಸಂದರ್ಭ ಮಾಡಿಕೊಳ್ಳಬಾರದು ಎಂದು 2014ರಲ್ಲಿ ರೋಮಿನಿಂದ ಸುತ್ತೋಲೆಯೇ ಬಂತು. ನಿಮ್ಮಲ್ಲಿ ಆಗುತ್ತಿರುವ ಗದ್ದಲ ಲೋಕದ ಎಲ್ಲ ಕಡೆಯೂ ಇದ್ದದ್ದೇ ಎಂಬುದಕ್ಕೆ ಆ ಸುತ್ತೋಲೆಯೇ ಸಾಕ್ಷಿ! ಕೈಮುಗಿಯುವುದಕ್ಕೂ ಹಿನ್ನೆಲೆ ಇದೆ. ಭಾರತದ ಬಿಷಪರು ಕೇಳಿಕೊಂಡ 12 ಮಾರ್ಪಾಡುಗಳಿಗೆ 1969ರಲ್ಲಿ ರೋಮ್ ಒಪ್ಪಿಗೆ ಕೊಟ್ಟಿತು. ಶಾಂತಿಯನ್ನು ಅಂಜಲಿಬದ್ಧವಾಗಿ ಕೊಡಬಹುದು, ಅಥವಾ ಕೊಡುವವರ ಕೈಗಳನ್ನು ಪಡೆಯುವವರ ಕೈಗಳ ನಡುವೆ ಇಡಬಹುದು ಎಂಬುದು ಅವುಗಳಲ್ಲಿ ಒಂದು. ಕಲಬುರಗಿ ಧರ್ಮಪ್ರಾಂತ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಆದದ್ದು 2005ರಲ್ಲಿ. ಅಷ್ಟರಲ್ಲಿ ಈ ರೂಢಿ ದೇಶದ ತುಂಬ ನೆಲೆಯೂರಿತ್ತು.

ನಿಮಗೆ ಹತ್ತಿರವಾದದ್ದು ಇನ್ನೊಂದು ಮಾದರಿ. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಆದಾಗ ಬ್ರಿಟಿಷ್ ಮೆಥಡಿಸ್ಟರ ಸಭೆಗಳು ಅದರೊಳಗೆ ಹೋದವು, ಅಮೆರಿಕನ್ ಮೆಥಡಿಸ್ಟರವು ಹೊರಗುಳಿದವು. ಹಾಗಾಗಿಯೇ ಬೀದರಿನಲ್ಲಿ ಮೆಥಡಿಸ್ಟ್, ಗಡಿ ದಾಟಿ ಮೆದಕ್ ಕಡೆಗೆ ಹೋದರೆ ಸಿ.ಎಸ್.ಐ. ಆ ಸಭೆ 1950ರಲ್ಲಿ ತಂದ ಕರ್ತನ ಭೋಜನದ ಕ್ರಮದಲ್ಲಿ ಕೇರಳದ ಪುರಾತನ ಕ್ರೈಸ್ತರಾದ ಸುರಿಯಾನಿ ಸಭೆಗಳ ವಾಡಿಕೆಯಿಂದ ಶಾಂತಿಯ ವಂದನೆಯನ್ನು ತೆಗೆದುಕೊಂಡು ಕಾಣಿಕೆಗೆ ಮೊದಲು ಇಟ್ಟರು. ಮುಂದೆ ಇಂಗ್ಲೆಂಡ್, ಅಮೆರಿಕಗಳ ಪ್ರೊಟೆಸ್ಟೆಂಟ್ ಸಭೆಗಳು ತಮ್ಮ ಕ್ರಮಗಳಿಗೆ ಶಾಂತಿಯನ್ನು ಮರಳಿ ತಂದುಕೊಂಡಾಗ ಈ ಕ್ರಮದ ಪ್ರಭಾವ ದೊಡ್ಡದಿತ್ತು. ಪರದೇಶದವರೇ ದಕ್ಷಿಣ ಭಾರತದಿಂದ ಕಲಿತದ್ದನ್ನು ಬೀದರಿನವರು ಹೊರಗಿನದು ಅನ್ನುವುದು ತಮಾಷೆಯೇ ಸರಿ.

ಸಿ.ಎಸ್.ಐ. ಕ್ರಮದಲ್ಲಿ ಕೈ ಹಿಡಿಯುವ ರೀತಿ ಹೀಗೆ. ಕೊಡುವವರು ತಮ್ಮ ಬಲ ಅಂಗೈಯನ್ನು ಪಡೆಯುವವರ ಬಲ ಅಂಗೈಗೆ ಇಡುತ್ತಾರೆ. ಇಬ್ಬರೂ ತಮ್ಮ ಎಡಗೈಯನ್ನು ಎದುರಿನವರ ಬಲಗೈಯ ಹಿಂಬದಿಗೆ ಮುಚ್ಚುತ್ತಾರೆ. ಅಲುಗಾಡಿಸುವುದಿಲ್ಲ, ಒತ್ತಿ ಹಿಡಿಯುವುದಿಲ್ಲ. ಈದ್ ದಿನ ನೆರೆಹೊರೆಯ ಮುಸಲ್ಮಾನರು ಎರಡೂ ಕೈ ಸೇರಿಸಿ ಮುಸಾಫಾ ಮಾಡುವುದನ್ನು ಕಂಡವರಿಗೆ ಇದನ್ನು ಕಲಿಸಬೇಕಾಗಿಲ್ಲ. ಆಫೀಸಿನ ಕೈಕುಲುಕುವಿಕೆಯಂತೆ ಒಂದೇ ಕೈ ಕೊಟ್ಟರೆ ಮುಂದಿನ ಹೆಜ್ಜೆ "ಹ್ಯಾಂಗದೀರಿ?" ಎಂಬ ಮಾತೇ. ಎರಡೂ ಕೈ ತೊಡಗಿದಾಗ ಮಾತು ತಾನಾಗಿ ಕಡಿಮೆಯಾಗುತ್ತದೆ.

ನಿಮ್ಮ ಸಭೆಗೆ ನನ್ನ ಸಲಹೆ ಇದು: ಹಳೆಯ ಕ್ರಮವನ್ನೇ ಇಟ್ಟುಕೊಳ್ಳಿ. ಭೋಜನಕ್ಕೆ ಕರೆ, ಪಾಪದ ಅರಿಕೆ, ಕ್ಷಮೆಯ ಮಾತು, ಸಾಂತ್ವನದ ವಚನಗಳು ಆಗಲಿ. ಅದರ ಮುಂದೆ, "ನಿಮ್ಮ ಹೃದಯಗಳನ್ನು ಮೇಲಕ್ಕೆತ್ತಿರಿ" ಎಂಬುದಕ್ಕೆ ಮೊದಲು ಶಾಂತಿ. ಕ್ಷಮೆ ಪಡೆದವರು ಕ್ಷಮೆ ಹಂಚುತ್ತಾರೆ, ಅರ್ಥ ತಾನಾಗಿ ಕೂಡುತ್ತದೆ. ಇನ್ನೊಂದು ಅನುಕೂಲವೂ ಇದೆ. ಜಮಖಾನೆ ಹಾಸಿ ಕೂರುವ ಸಭೆಯಲ್ಲಿ ಜನರನ್ನು ಸುಮ್ಮನೆ ಎಬ್ಬಿಸಿ ಕೂರಿಸಿದರೆ ಅದಕ್ಕೇ ಒಂದು ನಿಮಿಷ ಹೋಗುತ್ತದೆ, ಮೊಣಕಾಲು ನೋವಿನವರು ಗೊಣಗುತ್ತಾರೆ. ಅರಿಕೆಗೆ ಮೊಣಕಾಲೂರಿದವರು ಇಲ್ಲಿ ಹೇಗೂ ಎದ್ದು ನಿಲ್ಲುತ್ತಾರೆ. ನಿಂತಿರುವಾಗಲೇ ಶಾಂತಿ ಮುಗಿಸಿ ನಿಂತಿರುವಂತೆಯೇ ಮುಂದಿನ ಪ್ರಾರ್ಥನೆಗೆ ಹೋಗಬಹುದು. ಏಳಲಾಗದವರು ಕೂತೇ ಇರಲಿ, ಪಕ್ಕದವರು ಬಾಗಿ ಕೊಡಲಿ.

ಪಾಸ್ಟರ್ ಮೇಜಿನ ಹಿಂದೆ ಅಥವಾ ಪಕ್ಕದಲ್ಲಿ ನಿಂತು, ಕೈ ಚಾಚಿ, "ಕರ್ತನ ಶಾಂತಿ ನಿಮ್ಮೆಲ್ಲರ ಸಂಗಡ ಇರಲಿ" ಅನ್ನಲಿ. ಸಭೆ "ನಿಮ್ಮ ಸಂಗಡಲೂ ಇರಲಿ" ಅನ್ನಲಿ. ಇಷ್ಟೇ. ಇಲ್ಲಿ ವಿವರಣೆ, ಸಣ್ಣ ಪ್ರಸಂಗ, 'ಈಗ ನಾವೆಲ್ಲರೂ ಪ್ರೀತಿಯಿಂದ ನಗುನಗುತ್ತಾ' ಎಂಬ ಪೀಠಿಕೆ ಬೇಡವೇ ಬೇಡ. ಗದ್ದಲಕ್ಕೆ ಬಾಗಿಲು ತೆಗೆಯುವುದೇ ಆ ಪೀಠಿಕೆ. ಆಮೇಲೆ ಪಾಸ್ಟರ್ ಇಬ್ಬರಿಗೆ ಮಾತ್ರ ಶಾಂತಿ ಕೊಡಲಿ: ಗಂಡಸರ ಕಡೆಗೆ ಹೋಗುವ ಒಬ್ಬ ಹಿರಿಯರಿಗೆ ಎರಡೂ ಕೈಯಿಂದ, ಹೆಂಗಸರ ಕಡೆಗೆ ಹೋಗುವ ಒಬ್ಬ ತಾಯಿಗೆ ಕೈಮುಗಿದು. ಮಹಿಳಾ ಸಂಘದ ಅಧ್ಯಕ್ಷೆಯೋ ಬೈಬಲ್ ಬೋಧಿಸುವವರೋ ಆಗಬಹುದು. ಅವರಿಬ್ಬರೂ ತಮ್ಮ ತಮ್ಮ ಕಡೆ ನಡುದಾರಿಗುಂಟ ಹೋಗುತ್ತ ಪ್ರತಿ ಸಾಲಿನ ಮೊದಲಿನವರಿಗೆ ಕೊಡುತ್ತಾರೆ. ಸಾಲಿನಲ್ಲಿ ಅದು ಕೈಯಿಂದ ಕೈಗೆ ಗೋಡೆಯವರೆಗೆ ಹೋಗುತ್ತದೆ. ಹೆಂಗಸರ ಪ್ರಶ್ನೆಗೆ ಉತ್ತರವೂ ಇದರಲ್ಲಿದೆ. ಗಂಡಸರು ಗಂಡಸರಿಗೆ, ಹೆಂಗಸರು ಹೆಂಗಸರಿಗೆ ಎಂಬ ನಿಯಮ ಮೊದಲ ಶತಮಾನಗಳ ಸಭಾಕ್ರಮದ ಬರಹಗಳಲ್ಲಿಯೇ ಇದೆ. ಅದನ್ನು ಹಳ್ಳಿಯ ಸಂಕೋಚ ಎಂದು ಯಾರೂ ಹೀಯಾಳಿಸಬೇಕಾಗಿಲ್ಲ.

ಲೆಕ್ಕ ನೋಡಿ. ಒಂದು ಕಡೆ ಹತ್ತು ಸಾಲು, ಸಾಲಿಗೆ ಎಂಟು ಜನ ಅಂದುಕೊಳ್ಳಿ. ನಡುದಾರಿಯಲ್ಲಿ ಹೋಗುವವರಿಗೆ ಸಾಲಿಗೆ ನಾಲ್ಕು ಸೆಕೆಂಡಿನಂತೆ ನಲವತ್ತು ಸೆಕೆಂಡು ಬೇಕು. ಕೊನೆಯ ಸಾಲಿನೊಳಗೆ ಏಳು ಸಲ ಕೈ ಬದಲಾಗಲು ಇನ್ನು ಮೂವತ್ತು. ಎರಡೂ ಕಡೆ ಒಟ್ಟಿಗೇ ನಡೆಯುವುದರಿಂದ ನೂರ ಅರವತ್ತು ಜನರ ಸಭೆಗೆ ಒಂದೂಕಾಲು ನಿಮಿಷ ಸಾಕು. ಕ್ರಿಸ್ಮಸ್, ಈಸ್ಟರ್ ದಿನ ಜನ ಹೊರಗಿನ ಪೆಂಡಾಲಿನವರೆಗೂ ತುಂಬಿರುವಾಗ ಈ ಸರಪಳಿ ಹಿಡಿಯುವುದಿಲ್ಲ. ಆ ದಿನ ಎಲ್ಲರೂ ನಿಂತಲ್ಲಿಯೇ ಬಲಕ್ಕೆ, ಎಡಕ್ಕೆ, ಹಿಂದಕ್ಕೆ ತಿರುಗಿ ಕೈಮುಗಿಯಲಿ. ಇಪ್ಪತ್ತು ಸೆಕೆಂಡು.

ಸರಪಳಿ ಎಲ್ಲಿ ತುಂಡಾಗುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಸಾಲಿನ ನಡುವೆ ಖಾಲಿ ಜಾಗ ಇದ್ದರೆ ಅಲ್ಲಿಗೇ ನಿಲ್ಲುತ್ತದೆ, ಆಚೆಯವರು ಕಾಯುತ್ತಲೇ ಇರುತ್ತಾರೆ. ಆದ್ದರಿಂದ ಎರಡು ಹೆಜ್ಜೆ ಸರಿದು ಕೊಡಬಹುದು ಎಂದು ಮೊದಲೇ ಹೇಳಿಡಿ. ಮಕ್ಕಳನ್ನು ದಾಟಿಸಿ ಅವರ ತಲೆಯ ಮೇಲಿಂದ ದೊಡ್ಡವರೇ ಕೊಟ್ಟುಕೊಳ್ಳುವುದು ಸಾಮಾನ್ಯ. ಅದು ಬೇಡ, ಮಗುವೂ ಪಡೆಯಲಿ, ಮಗುವೇ ಮುಂದಿನವರಿಗೆ ಕೊಡಲಿ. ಬಾಗಿಲ ಬಳಿ ಚಪ್ಪಲಿ ಕಾಯುತ್ತ ನಿಂತವರು, ವಾದ್ಯ ನುಡಿಸುವವರು, ಮೈಕ್ ನೋಡಿಕೊಳ್ಳುವ ಹುಡುಗ, ಇವರು ಪ್ರತಿ ಸಲ ತಪ್ಪಿಹೋಗುತ್ತಾರೆ. ನಡುದಾರಿಯವರಿಗೆ ಕೊನೆಯಲ್ಲಿ ಇವರ ಕಡೆ ಹೋಗುವ ಕೆಲಸ ಒಪ್ಪಿಸಿ. ವಾದ್ಯ ಈ ಹೊತ್ತಿನಲ್ಲಿ ಸುಮ್ಮನಿರಲಿ. ಹಿನ್ನೆಲೆಯಲ್ಲಿ ಕೀಬೋರ್ಡ್ ಮೊಳಗಿದರೆ ಜನ ದನಿ ಏರಿಸುತ್ತಾರೆ, ಆ ದನಿ ಇಳಿಸಲು ಇನ್ನೊಂದು ಹಾಡು ಬೇಕಾಗುತ್ತದೆ.

ಹೇಳುವ ಮಾತು ಒಂದೇ ಇರಲಿ: "ಕರ್ತನ ಶಾಂತಿ ನಿಮ್ಮ ಸಂಗಡ ಇರಲಿ." ಅದರ ಮುಂದೆ ನಮಸ್ಕಾರ, ಹಿಂದೆ 'ಊಟ ಆತೇನ್ರಿ' ಬೇಡ. ಹಿರಿಯರ ಕಾಲು ಮುಟ್ಟಲು ಬಾಗುವ ಹುಡುಗರಿಗೂ ಮೆಲ್ಲಗೆ ತಿಳಿಹೇಳಿ. ಮರ್ಯಾದೆಯಲ್ಲಿ ತಪ್ಪಿಲ್ಲ, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಮುಟ್ಟಲಿ. ಮೇಜಿನ ಮುಂದೆ ಮಾವ-ಅಳಿಯ, ಅತ್ತೆ-ಸೊಸೆ, ಗೌಡ-ಜೀತದವನು ಎಂಬ ಎತ್ತರ-ತಗ್ಗು ಇರದಿರುವುದೇ ಈ ವಂದನೆಯ ತಿರುಳು.

ಕೈ ಹಿಡಿಯುವುದೋ ಕೈಮುಗಿಯುವುದೋ ಎಂಬ ವಾದದಲ್ಲಿ ಎರಡೂ ಸರಿ. 2020ರ ಕೊರೋನಾ ಕಾಲದಲ್ಲಿ ಮುಟ್ಟದೆ ಕೈಮುಗಿದ ಸಭೆಗಳಲ್ಲಿ ಶಾಂತಿಗೇನೂ ಕೊರತೆಯಾಗಲಿಲ್ಲ. ಆದರೆ ನಮ್ಮ ಕಡೆ ಮುಟ್ಟುವುದಕ್ಕೆ ಬೇರೆ ತೂಕವೂ ಇದೆ. ಯಾರನ್ನು ಮುಟ್ಟಬಾರದು ಎಂದು ಊರು ಶತಮಾನಗಟ್ಟಲೆ ಹೇಳಿತೋ ಅಂಥವರ ಮನೆಗಳಿಂದಲೇ ಬೀದರ್, ಯಾದಗಿರಿ ಕಡೆಯ ಎಷ್ಟೋ ಸಭೆಗಳು ಹುಟ್ಟಿವೆ. ಎಲ್ಲರಿಗೂ ಕೈಮುಗಿಯುತ್ತೀರಾದರೆ ಎಲ್ಲರಿಗೂ ಮುಗಿಯಿರಿ. ಕೆಲವರಿಗೆ ಕೈಕೊಟ್ಟು, ಇನ್ನು ಕೆಲವರು ಎದುರಾದಾಗ ಮಾತ್ರ ಕೈಮುಗಿದು ದೂರ ನಿಲ್ಲುವುದು ಕಣ್ಣಿಗೆ ಬಿದ್ದರೆ, ಪಾಸ್ಟರ್ ಮತ್ತು ಸಭಾ ಸಮಿತಿ ಅದನ್ನು ರೂಢಿ ಎಂದು ಬಿಡಬಾರದು. ಆಗ ಕೈಮುಗಿಯುವುದನ್ನು ನಿಲ್ಲಿಸಿ, ಎರಡೂ ಕೈ ಹಿಡಿಯುವ ಕ್ರಮವನ್ನೇ ಎಲ್ಲರಿಗೂ ಕಡ್ಡಾಯ ಮಾಡಬೇಕು. ಕೈಮುಗಿಯುವ ಸಭೆಯಲ್ಲಿ ಇನ್ನೊಂದು ಸಣ್ಣ ದೋಷ: ಕಣ್ಣು ಕಣ್ಣಿಗೆ ಸೇರಿಸದೆ ಗಾಳಿಗೆ ಕೈಮುಗಿದು ತಿರುಗಿಬಿಡುವುದು. ಒಬ್ಬೊಬ್ಬರ ಮುಖ ನೋಡಿ, ಒಂದು ಮಾತು ಹೇಳಿ, ಆಮೇಲೆ ಮುಂದಿನವರು.

ಶುಚಿಯ ವಿಚಾರ. ಪಾಸ್ಟರ್ ನಲವತ್ತು ಕೈ ಮುಟ್ಟಿ ಅದೇ ಕೈಯಲ್ಲಿ ರೊಟ್ಟಿ ಮುರಿಯುವುದು ಸರಿಯಲ್ಲ. ಅವರು ಇಬ್ಬರಿಗೆ ಮಾತ್ರ ಕೊಡಬೇಕು ಎಂದದ್ದಕ್ಕೆ ಇದೂ ಒಂದು ಕಾರಣ. ಮೇಜಿನ ಪಕ್ಕದಲ್ಲಿ ಒಂದು ತಂಬಿಗೆ ನೀರು, ಬೋಗುಣಿ, ಒಗೆದ ಟವೆಲ್ ಇಡಿ. ಶಾಂತಿ ಆದ ಕೂಡಲೇ ಕೈ ತೊಳೆದು ಬಟ್ಟೆ ತೆಗೆದು ರೊಟ್ಟಿ ಮುಟ್ಟಲಿ. ರೊಟ್ಟಿ, ದ್ರಾಕ್ಷಾರಸದ ಸಣ್ಣ ಲೋಟಗಳು ಅಲ್ಲಿಯವರೆಗೆ ಮುಚ್ಚಿರಲಿ.

ನಿಜವಾಗಿಯೇ ಜಗಳ ಇರುವ ಮನೆಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಪೇಚಿಗೆ ಸಿಕ್ಕಿಸುವುದು ಇದೇ. ಹೊಲದ ಬದುವಿನ ತಕರಾರು ಕೋರ್ಟಿನಲ್ಲಿರುವ ಇಬ್ಬರು ಅಣ್ಣತಮ್ಮಂದಿರನ್ನು ಆ ಒಂದು ನಿಮಿಷದಲ್ಲಿ ಎಲ್ಲರೆದುರು ಎಳೆದು ಕೈ ಕೂಡಿಸುವವರು ಇರುತ್ತಾರೆ. ಜನ ಚಪ್ಪಾಳೆ ತಟ್ಟುತ್ತಾರೆ, ಸೋಮವಾರ ಜಗಳ ಇನ್ನೊಂದು ಸುತ್ತು ಬಿಗಿಯಾಗಿರುತ್ತದೆ. ಮತ್ತಾಯನ ವಚನ ಕಾಣಿಕೆಯನ್ನು ಬಿಟ್ಟು 'ಹೋಗು' ಎನ್ನುತ್ತದೆ. ಆ ಕೆಲಸ ಗುಡಿಯೊಳಗಿನದಲ್ಲ, ಮನೆಯದು. ತಿಂಗಳ ಮೊದಲ ಐತವಾರ ಭೋಜನವಿದ್ದರೆ ಹಿಂದಿನ ಐತವಾರವೇ ಪ್ರಕಟಣೆ ಕೊಡಿ, ಆ ವಾರ ಪಾಸ್ಟರ್ ಒಬ್ಬ ಹಿರಿಯರ ಜೊತೆ ಅಂಥ ಮನೆಗೆ ಹೋಗಿಬರಲಿ. ರಾಜಿ ಆಗದಿದ್ದರೂ ಅವರು ಪಕ್ಕಪಕ್ಕ ಬಂದರೆ ಶಾಂತಿ ಕೊಡಬಹುದು. ಅದು ದಾವೆ ಬಿಟ್ಟುಕೊಟ್ಟಂತಲ್ಲ ಎಂದು ಇಬ್ಬರಿಗೂ ಮೊದಲೇ ತಿಳಿಸಿರಬೇಕು. ಯಾರಾದರೂ ಕೈ ಹಿಂದೆಳೆದುಕೊಂಡರೆ ಒತ್ತಾಯ ಮಾಡದೆ ಕೈಮುಗಿದು ಅವರನ್ನು ದಾಟಿ ಮುಂದಿನವರಿಗೆ ಕೊಡಿ.

ಹೊಸ ಸದಸ್ಯರನ್ನು ಸೇರಿಸಿಕೊಳ್ಳುವಾಗ ಪಾಸ್ಟರ್ ಬಲಗೈ ಕೊಟ್ಟು ಬರಮಾಡಿಕೊಳ್ಳುವುದು ಇದಕ್ಕಿಂತ ಬೇರೆ. ಅದರ ಮೂಲ ಗಲಾತ್ಯ 2:9. ಯಾಕೋಬ, ಕೇಫ (ಪೇತ್ರ), ಯೋಹಾನರು ಪೌಲ ಬಾರ್ನಬರಿಗೆ ಅನ್ಯೋನ್ಯತೆಯ ಬಲಗೈ ಕೊಟ್ಟದ್ದು. ಅದು ಒಂದು ಸಲದ್ದು, ಹೆಸರು ಕರೆದು ಮಾಡುವುದು. ಎರಡೂ ಒಂದೇ ದಿನ ಬಂದರೆ ಸೇರ್ಪಡೆ ಮೊದಲಾಗಲಿ, ಶಾಂತಿಯ ಸರಪಳಿ ಆ ಹೊಸಬರಿಂದಲೇ ಹೊರಡಲಿ.

ಜನವರಿಯ ಕೂಟಕ್ಕೆ ಬರೋಣ. ಕ್ರೈಸ್ತ ಐಕ್ಯಕ್ಕಾಗಿ ಪ್ರಾರ್ಥನಾ ವಾರ ಜನವರಿ 18ರಿಂದ 25, 1908ರಿಂದ ನಡೆದುಬಂದದ್ದು. ಇಲ್ಲಿ ಭೋಜನ ಇಡಬೇಡಿ. ಒಂದೇ ಮೇಜಿನಲ್ಲಿ ಭಾಗಿಯಾಗಲು ಕ್ಯಾಥೊಲಿಕರಿಗೆ ಅವರ ಸಭೆಯ ನಿಯಮ ಬಿಡುವುದಿಲ್ಲ. ಐಕ್ಯದ ಕೂಟದಲ್ಲಿ ಅರ್ಧ ಜನ ಹೊರಗೆ ಕೂರುವಂತಾಗುತ್ತದೆ. ಶಾಂತಿಗೆ ಅಂಥ ಅಡ್ಡಿ ಇಲ್ಲ. ನಿಮ್ಮ ಮಗಳ ಮನೆಗೆ ಹೋದಾಗ ಬಲಿಪೂಜೆಯಲ್ಲಿ ನೀವು ಪರಮಪ್ರಸಾದಕ್ಕೆ ಹೋಗದಿದ್ದರೂ ಶಾಂತಿಯನ್ನು ಧಾರಾಳವಾಗಿ ಕೊಡಬಹುದು, ಪಡೆಯಬಹುದು. ಕೂಟದಲ್ಲಿ ಇದರ ಜಾಗ ಪಾಪದ ಅರಿಕೆ, ಮಧ್ಯಸ್ಥ ಪ್ರಾರ್ಥನೆ, ಕರ್ತನ ಪ್ರಾರ್ಥನೆ ಆದ ಮೇಲೆ, ಆಶೀರ್ವಾದಕ್ಕೆ ಮೊದಲು. ಒಂದೇ ಸಲ. ಪ್ರತಿ ಸಭೆಯ ಮುಖಂಡರೂ ತಮ್ಮ ತಮ್ಮ ಶಾಂತಿ ಹೇಳಲು ಹೋದರೆ ಅಲ್ಲಿಗೆ ಮುಗಿಯಿತು. ಯಾರು ಹೇಳಬೇಕೆಂದು ಹಿಂದಿನ ದಿನವೇ ಗೊತ್ತುಮಾಡಿ, ಉಳಿದವರು ಸಾಲಾಗಿ ನಿಂತು ಒಬ್ಬರಿಂದೊಬ್ಬರು ಪಡೆದು ಒಬ್ಬೊಬ್ಬರು ಒಂದೊಂದು ಕಡೆಯ ಜನರ ಬಳಿಗೆ ಹೋಗಲಿ. ತಮ್ಮ ಸಭೆಯವರು ಕೂತ ಕಡೆಗೆ ಹೋಗುವುದು ಬೇಡ, ಬೇರೆಯವರ ಕಡೆಗೆ ಹೋಗಲಿ. ಪೀಠ ಬಿಡಬಾರದೆಂಬ ನಿಯಮ ಬಲಿಪೂಜೆಗೆ ಸಂಬಂಧಿಸಿದ್ದು, ಇಂಥ ಕೂಟದಲ್ಲಿ ಕ್ಯಾಥೊಲಿಕ್ ಗುರುಗಳೂ ಇಳಿದು ಹೋಗಬಹುದು. ಕನ್ನಡ, ತೆಲುಗು, ಉರ್ದು, ಮಲಯಾಳ ಆಡುವವರು ಸೇರುವುದರಿಂದ ರೂಪ ಕೈಮುಗಿಯುವುದೇ ಆಗಲಿ, ಮಾತು ಅವರವರ ಭಾಷೆಯಲ್ಲಿರಲಿ. ಕೇರಳದ ಸುರಿಯಾನಿಯವರು ಬಂದಿದ್ದರೆ ಅವರು ನೀವು ಜೋಡಿಸಿದ ಕೈಗಳನ್ನು ತಮ್ಮ ಎರಡೂ ಕೈಯಿಂದ ಮುಟ್ಟಿ ತೆಗೆದುಕೊಳ್ಳುತ್ತಾರೆ. ಗಾಬರಿಯಾಗಿ ಕೈ ಹಿಂದೆಳೆಯಬೇಡಿ, ಅದು ಅವರ ಕ್ರಮ.

ಕೊನೆಯದಾಗಿ, ಶುಭ ಶುಕ್ರವಾರದ ಆರಾಧನೆಯಲ್ಲಿ ಇದನ್ನು ಬಿಡಿ. ಆ ಉಪವಾಸದ ಹೊತ್ತಿನಲ್ಲಿ ಶಾಂತಿಯ ಮುದ್ದನ್ನು ತಡೆಹಿಡಿಯುವ ವಾಡಿಕೆಯನ್ನು ಟೆರ್ಟುಲಿಯನನೇ ಹೇಳಿದ್ದಾನೆ, ಕ್ಯಾಥೊಲಿಕರ ಆ ದಿನದ ಕ್ರಮದಲ್ಲಿ ಇಂದಿಗೂ ಶಾಂತಿಯ ಗುರುತು ಇಲ್ಲ. ಶಿಷ್ಯನಾದ ಯೂದನು ಯೇಸುವಿಗೆ ಮುದ್ದಿಟ್ಟು ಹಿಡಿದುಕೊಟ್ಟ ನೆನಪು ಹಸಿಯಾಗಿರುವ ಹೊತ್ತು ಅದು. ಈಸ್ಟರ್ ಬೆಳಗಿನ ಆರಾಧನೆಯಲ್ಲಿ ಮತ್ತೆ ಶುರುಮಾಡಿ.